ನೇರಳೆ ಬಣ್ಣದ ನಾಲಿಗೆ

"ವಾರಕ್ಕೆ ಇರುವುದು ನಲವತ್ತೈದು ಪಿರಿಯಡ್ಡು ತಾಯಿ. ಅದರಲ್ಲಿ ಯಾವುದನ್ನು ಇಡಲಿ, ಯಾವುದನ್ನು ಬಿಡಲಿ?"

ಕೇಳಿದವಳು ದಾಕ್ಷಾಯಣಿ. ಮಠದ ಹೆಣ್ಣುಮಕ್ಕಳ ಹೈಸ್ಕೂಲಿಗೆ ಆ ವರ್ಷವಷ್ಟೇ ಮುಖ್ಯೋಪಾಧ್ಯಾಯಿನಿ ಆಗಿದ್ದಳು. ಕೇಳಿಸಿಕೊಂಡವರು ಗುರುಸಿದ್ದಮ್ಮ ತಾಯಿ. ಅವರು ಅಕ್ಷರ ಕಲಿತವರಲ್ಲ. ಮಠದ ದಾಸೋಹದಲ್ಲಿ ನಲವತ್ತು ವರ್ಷ ಅನ್ನ ಬಡಿಸಿದವರು. ಬಡಿಸುತ್ತ ಬಡಿಸುತ್ತ ಯಾರ ಹಸಿವು ಎಂಥದು ಎಂದು ತಿಳಿದುಕೊಂಡವರು. ಅದಕ್ಕೇ ಓದಿದವರು ಕೂಡ ಬಿಡಿಸಲಾಗದ ಗಂಟುಗಳನ್ನು ತಂದು ಅವರ ಮುಂದೆ ಇಡುತ್ತಿದ್ದರು. ದಾಕ್ಷಾಯಣಿಯಂತೂ ಅದೇ ಶಾಲೆಯಲ್ಲಿ ಓದಿ, ಅವರ ಕೈತುತ್ತು ಉಂಡು ಬೆಳೆದವಳು. ಅವರನ್ನೇ ಗುರು ಎಂದು ನಂಬಿದವಳು.

ಅವಳ ಮಡಿಲಲ್ಲಿ ಒಂದು ದೊಡ್ಡ ಹಾಳೆ ಇತ್ತು. ಎಂಟು, ಒಂಬತ್ತು, ಹತ್ತನೆಯ ತರಗತಿಗಳ ವೇಳಾಪಟ್ಟಿ. ಪೆನ್ಸಿಲಿನಲ್ಲಿ ಬರೆದು, ಅಳಿಸಿ, ಮತ್ತೆ ಬರೆದು, ಮತ್ತೆ ಅಳಿಸಿ ಕೆಲವು ಮನೆಗಳಲ್ಲಿ ಕಾಗದ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾಗಿತ್ತು. ಆ ಮನೆಗಳಲ್ಲಿ ಇದ್ದದ್ದು ಚಿತ್ರ, ಹಾಡು, ಕೈತೋಟ, ಹೊಲಿಗೆ, ಸುಮ್ಮನೆ ಕತೆಪುಸ್ತಕ ಓದುವ ಒಂದು ಪಿರಿಯಡ್ಡು. ಸೋಮವಾರ ಹಾಳೆ ಶಾಲೆಯ ಕಮಿಟಿಯವರ ಮುಂದೆ ಹೋಗಬೇಕು. ಹತ್ತನೆಯ ತರಗತಿಯ ಫಲಿತಾಂಶ ಏರಬೇಕಾದರೆ ಆ ಮನೆಗಳಿಗೆಲ್ಲ ಗಣಿತ, ವಿಜ್ಞಾನ, ಇಂಗ್ಲಿಷು ತುಂಬಿ ಎಂದು ಅವರು ಹೇಳಿಯಾಗಿತ್ತು.

"ಅವರು ಹೇಳುವುದು ತಪ್ಪೂ ಅಲ್ಲ ತಾಯಿ," ಎಂದಳು ದಾಕ್ಷಾಯಣಿ. "ಬಡವರ ಮಕ್ಕಳು. ಅಂಕ ಬಂದರೆ ಅವರಿಗೊಂದು ದಾರಿ. ಚಿತ್ರದ ಮೇಡಂ ನಿವೃತ್ತರಾಗಿ ವರ್ಷವಾಯಿತು. ಸದ್ಯಕ್ಕೆ ಆ ಪಿರಿಯಡ್ಡನ್ನು ಗಣಿತಕ್ಕೆ ಕೊಟ್ಟೆ. ಹೊಸದಾಗಿ ಎಂಟನೆಯ ತರಗತಿಗೆ ಬಂದ ಮಕ್ಕಳಲ್ಲಿ ಒಬ್ಬಳಾದರೂ ಚಿತ್ರ ಎಲ್ಲಿ ಎಂದು ಕೇಳಲಿಲ್ಲ. ಮಕ್ಕಳೇ ಕೇಳದ್ದನ್ನು ನಾನು ಯಾಕೆ ಹಿಡಿದುಕೊಂಡು ಕೂರಬೇಕು?"

ಗುರುಸಿದ್ದಮ್ಮ ತಾಯಿ ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದರು. ಮೊರವನ್ನು ಪಕ್ಕಕ್ಕೆ ಸರಿಸಿದರು. ಅವಳ ಪ್ರಶ್ನೆಗೆ ಉತ್ತರ ಹೇಳದೆ, ಈ ಕತೆ ಹೇಳಿದರು.

ಒಬ್ಬ ರೈತ, ಅವನಿಗೊಬ್ಬಳು ಹೆಂಡತಿ. ಮದುವೆಯಾಗಿ ಹನ್ನೆರಡು ವರ್ಷಕ್ಕೆ ಅವರಿಗೆ ಒಂದು ಹೆಣ್ಣು ಮಗು ಹುಟ್ಟಿತು. ಅದಕ್ಕೂ ಮುಂಚೆ ಹುಟ್ಟಿದ ಎರಡು ಮಕ್ಕಳು ಕೈಗೆ ಹತ್ತದೆ ಹೋಗಿದ್ದವು. ಇದನ್ನಾದರೂ ಗಟ್ಟಿಯಾಗಿ ಬೆಳೆಸಬೇಕೆಂದು ರೈತ ಪಣ ತೊಟ್ಟ. ಬಲ್ಲವರನ್ನೆಲ್ಲ ಕೇಳಿಕೊಂಡು ಬಂದ. ಅನ್ನ, ಹಾಲು, ತುಪ್ಪ, ಇವು ಮೂರು ಮೈಗೆ ಹತ್ತುವಂತೆ ಇನ್ನು ಯಾವುದೂ ಹತ್ತುವುದಿಲ್ಲ ಎಂದು ಎಲ್ಲರೂ ಹೇಳಿದರು. ಅವನಿಗೂ ಅದು ಸರಿ ಎನಿಸಿತು. ಮಗುವಿನ ಹೊಟ್ಟೆ ಇರುವುದೇ ಹಿಡಿಯಷ್ಟು. ಅದರೊಳಗೆ ಹುಳಿ, ಒಗರು, ಬೇಲಿ ಮೇಲಿನ ಹಣ್ಣು ಎಂದು ತುಂಬಿದರೆ ಅನ್ನಕ್ಕೆ ಜಾಗವೆಲ್ಲಿ? ಅಂದಿನಿಂದ ಮಗುವಿಗೆ ಮೂರು ಹೊತ್ತೂ ಅನ್ನ, ಹಾಲು, ತುಪ್ಪ. ಅವನು ಕೆಟ್ಟವನಲ್ಲ. ತಾನು ನಿನ್ನೆಯ ಮುದ್ದೆ ಉಂಡು ಮಗಳ ಬಟ್ಟಲಿಗೆ ತುಪ್ಪ ಹಾಕುತ್ತಿದ್ದ.

ಹೆಂಡತಿ ಬೇರೆ ಥರದ ಮನೆಯಲ್ಲಿ ಬೆಳೆದು ಬಂದವಳು. ಹುಣಸೆ ಚಿಗುರಿಗೆ ಉಪ್ಪು ಹಚ್ಚಿ ತಿಂದವಳು. ಕಾರೆ ಹಣ್ಣಿಗೆ ಕೈ ಹಾಕಿ ಮುಳ್ಳು ಚುಚ್ಚಿಸಿಕೊಂಡವಳು. ಎಲಚಿ ಬೀಜವನ್ನು ಯಾರು ದೂರಕ್ಕೆ ಉಗುಳುತ್ತಾರೆ ಎಂದು ಪಂಥ ಕಟ್ಟಿ ಸೋತವಳು. ಇದನ್ನೆಲ್ಲ ಗಂಡನಿಗೆ ಹೇಗೆ ಹೇಳುವುದು? ತಿಂದರೆ ಮೈ ಬೆಳೆಯುತ್ತದೆಯೇ ಎಂದು ಅವನು ಕೇಳಿದರೆ ಇಲ್ಲ ಎನ್ನಬೇಕು. ಮತ್ತೆ ಯಾಕೆ ಎಂದರೆ ಅದು ಅವಳಿಗೂ ಗೊತ್ತಿರಲಿಲ್ಲ. ಮಗಳಿಗೆ ಅನ್ನ ಕಲಸುವಾಗ ಒಂದೊಂದು ದಿನ ಅವಳ ಕೈ ತಾನಾಗಿ ನಿಂತುಬಿಡುತ್ತಿತ್ತು, ಅಷ್ಟೇ.

ಅವರ ಹಿತ್ತಲಲ್ಲಿ ಒಂದು ನೇರಳೆ ಮರವಿತ್ತು. ಮಗಳಿಗೆ ಆಗ ನಾಲ್ಕು ವರ್ಷ. ಆಷಾಢದ ಗಾಳಿಗೆ ನೆಲದ ತುಂಬ ಹಣ್ಣು ಉದುರಿತ್ತು. ಗಂಡ ಗದ್ದೆಗೆ ಹೋಗಿದ್ದ. ಅವಳು ಒಂದು ಹಣ್ಣನ್ನು ಸೆರಗಿನಲ್ಲಿ ಒರೆಸಿ ಮಗಳ ಬಾಯಿಗೆ ಇಟ್ಟಳು. ಒಗರಿಗೆ ಮಗುವಿನ ಒಂದು ಕಣ್ಣು ಮುಚ್ಚಿಕೊಂಡಿತು. ಆಮೇಲೆ ಬಂದ ಸಿಹಿಗೆ ಎರಡೂ ಕಣ್ಣು ಅರಳಿದವು. ಇನ್ನೊಂದು ಬೇಕೆಂದು ಕೈ ಚಾಚಿ, ಇದು ಏನವ್ವ ಎಂದು ಕೇಳಿತು.

"ಹೆಸರು ಬೇಡ ಕಣೇ. ಅಪ್ಪನ ಮುಂದೆ ಬಾಯಿತಪ್ಪಿ ಅಂದುಬಿಡ್ತೀಯ. ಸುಮ್ಮನೆ ತಿನ್ನು."

ಬಾಯಿ ಹೇಳದಿದ್ದರೂ ನಾಲಿಗೆ ಹೇಳಿಬಿಟ್ಟಿತು. ಸಂಜೆ ರೈತ ಮಗಳನ್ನು ಎತ್ತಿಕೊಂಡಾಗ ಅವಳು ಬಾಯಿ ತುಂಬ ನಕ್ಕಳು. ನಾಲಿಗೆ ನೇರಳೆ ಬಣ್ಣಕ್ಕೆ ತಿರುಗಿತ್ತು. ರೈತ ಬೈಯಲಿಲ್ಲ, ಕೂಗಲಿಲ್ಲ. ಜಗಲಿಯ ಮೇಲೆ ಕುಸಿದು ಕೂತ. ಎರಡನ್ನು ಮಣ್ಣಿಗೆ ಕೊಟ್ಟೆವು, ಇದನ್ನಾದರೂ ನನ್ನ ಮಾತಿನಂತೆ ಬೆಳೆಸಲು ಬಿಡು ಎಂದು ಹೆಂಡತಿಯನ್ನು ಕೇಳಿಕೊಂಡ. ಬೈದಿದ್ದರೆ ಅವಳು ಎದುರು ಮಾತಾಡುತ್ತಿದ್ದಳೋ ಏನೋ. ಹಾಗೆ ಕೇಳಿಕೊಂಡದ್ದಕ್ಕೆ ಸೋತುಬಿಟ್ಟಳು. ವಾರ ಕಳೆಯುವುದರೊಳಗೆ ಅವನು ಮರ ಕಡಿಸಿ, ಆ ಜಾಗದಲ್ಲಿ ಹಾಲಿನ ಹಸುವಿಗೆ ಕೊಟ್ಟಿಗೆ ಕಟ್ಟಿಸಿದ.

ಮಗಳು ಎರಡು ದಿನ ಹಿತ್ತಲ ಬಾಗಿಲಿನಲ್ಲಿ ನಿಂತಳು. ಮೂರನೆಯ ದಿನ ನಿಲ್ಲಲಿಲ್ಲ. ಅಲ್ಲಿಂದಾಚೆಗೆ ಅದು ಬೇಕು, ಇದು ಬೇಕು ಎಂದು ಒಮ್ಮೆಯೂ ಬಾಯಿ ಬಿಡಲಿಲ್ಲ. ನೋಡಿದೆಯಾ, ಬೇಕಿದ್ದರೆ ಅವಳೇ ಕೇಳುತ್ತಿರಲಿಲ್ಲವೇ ಎಂದು ರೈತ ಹೆಂಡತಿಗೆ ತೋರಿಸಿದ. ಹೌದು ಎಂದಳು ಅವಳು.

ಹುಡುಗಿ ಚೆನ್ನಾಗಿಯೇ ಬೆಳೆದಳು. ತುಂಬಿದ ಮೈ, ಮಂಡಿ ಮುಟ್ಟುವ ಜಡೆ. ತಲೆಯ ಮೇಲೊಂದು ಕೊಡ, ಸೊಂಟದಲ್ಲೊಂದು ಕೊಡ ಹೊತ್ತು ದಿಬ್ಬ ಏರಿದರೂ ಏದುಸಿರು ಬಿಡುತ್ತಿರಲಿಲ್ಲ. ಊರಿನ ಹೆಂಗಸರು ತಮ್ಮ ಮಕ್ಕಳನ್ನು ಅವಳ ಪಕ್ಕ ನಿಲ್ಲಿಸಿ ನೋಡಿ, ನಮ್ಮವಕ್ಕೆ ತಿಂದದ್ದು ಎಲ್ಲಿಗೆ ಹೋಗುತ್ತದೋ ಎಂದು ಗೊಣಗಿಕೊಂಡರು. ರೈತ ಗೆದ್ದಿದ್ದ. ಅದನ್ನು ಹೆಂಡತಿಯೂ ಒಪ್ಪಿಕೊಂಡಳು. ಒಳ್ಳೆಯ ಮನೆಯವರು ತಾವಾಗಿ ಕೇಳಿಕೊಂಡು ಬಂದರು. ಮಗಳನ್ನು ಕೊಟ್ಟರು. ಮರುವರ್ಷ ಅವಳು ಬಸುರಿ ಎಂದು ಸುದ್ದಿ ಬಂತು.

ಏಳು ತಿಂಗಳು ತುಂಬಿದಾಗ ತವರಿನವರು ಬಸುರಿಗೆ ಬಯಕೆಯ ಊಟ ಒಯ್ಯುವುದು ರೂಢಿ. ಅದಕ್ಕೂ ಮೊದಲು ತಾಯಿಯಾದವಳು ಹೋಗಿ, ಮಗಳ ಪಕ್ಕ ಕೂತು, ನಿನ್ನ ಬಾಯಿ ಏನು ಕೇಳುತ್ತದೆ ಎಂದು ಕೇಳಬೇಕು. ಮಗಳು ಹೇಳಿದ್ದನ್ನು ಎಲ್ಲಿದ್ದರೂ ಹುಡುಕಿ ತರಬೇಕು. ರೈತನ ಹೆಂಡತಿ ಈ ಒಂದು ದಿನಕ್ಕಾಗಿ ಎಷ್ಟೋ ವರ್ಷದಿಂದ ಕಾದಿದ್ದಳು. ಮಗಳ ಬಟ್ಟಲಿಗೆ ಏನು ಬೀಳಬೇಕೆಂದು ಇಷ್ಟು ದಿನ ಬೇರೆಯವರು ಹೇಳಿದ್ದಾಯಿತು. ಇವತ್ತು ಮಗಳೇ ಹೇಳುತ್ತಾಳೆ, ತಾನು ತಂದುಕೊಡುತ್ತೇನೆ. ದಾರಿಯುದ್ದಕ್ಕೂ ಅವಳಿಗೆ ಅದೇ ಧ್ಯಾನ.

ಆ ಮನೆಯಲ್ಲಿ ಮಗಳ ಓರಗಿತ್ತಿಯೂ ಬಸುರಿ. ಅವಳು ಇಲ್ಲದವರ ಮನೆಯಿಂದ ಬಂದವಳು. ಮುದ್ದೆ ಇದ್ದ ದಿನ ಮುದ್ದೆ, ಸೊಪ್ಪು ಸಿಕ್ಕ ದಿನ ಸೊಪ್ಪು, ಬೇಲಿಯಲ್ಲಿ ಕಂಡದ್ದೆಲ್ಲ ಹಣ್ಣು ಎಂದು ಬೆಳೆದವಳು. ಕೇಳುವುದಕ್ಕೆ ಮೊದಲೇ ಅವಳ ಪಟ್ಟಿ ಸಿದ್ಧವಾಗಿತ್ತು. ತನಗೆ ಹಸಿ ಹುಣಸೆಕಾಯಿ ಬೇಕು, ಅದೂ ಕೆರೆ ಏರಿಯ ಮೇಲಿನ ಮರದ್ದೇ ಆಗಬೇಕು, ಮನೆ ಹಿಂದಿನ ಮರದ್ದಕ್ಕೆ ಹುಳಿಯೇ ಇಲ್ಲ ಎಂದು ಗಂಡನನ್ನು ಮೂರು ಸಲ ಓಡಿಸಿದ್ದಳು. ಇವಳಿಗೆ ಹುಟ್ಟುವ ಕೂಸು ಮರ ಹತ್ತಿಕೊಂಡೇ ಹುಟ್ಟುತ್ತದೆ ಎಂದು ಅತ್ತೆ ಹಂಗಿಸಿದರೆ, ಹುಟ್ಟಲಿ ಬಿಡಿ, ನಿಮಗೂ ಒಂದಿಷ್ಟು ಉದುರಿಸುತ್ತದೆ ಎಂದು ನಗುತ್ತಿದ್ದಳು.

ತಾಯಿ ತನ್ನ ಮಗಳ ಕಡೆ ತಿರುಗಿದಳು. ನಿನಗೇನು ಬೇಕು ಮಗಳೇ ಎಂದಳು.

ಮಗಳು ಬಹಳ ಹೊತ್ತು ಯೋಚಿಸಿದಳು. "ಏನೋ ಬೇಕವ್ವ."

"ಏನು ಅಂತ ಹೇಳು. ಏಳು ಊರಾಚೆ ಇದ್ದರೂ ತರ್ತೀನಿ."

"ಅದೇ ಗೊತ್ತಿಲ್ಲ. ಹಗಲೆಲ್ಲ ಬಾಯಿ ಕೇಳ್ತಾ ಇರುತ್ತೆ. ಏನನ್ನ ಕೇಳ್ತಾ ಇದೆ ಅಂತ ನನಗೆ ತಿಳಿಯೋದಿಲ್ಲ."

ತಾಯಿ ಅಲ್ಲಿಯೇ ಉಳಿದಳು. ಹುಣಸೆ ತಂದಳು, ನೆಲ್ಲಿಕಾಯಿ ತಂದಳು. ಹಾಗಲಕಾಯಿಯ ಗೊಜ್ಜು ಮಾಡಿದಳು. ಎಲಚಿ ಹಣ್ಣನ್ನು ಉಪ್ಪು ಖಾರ ಹಾಕಿ ಕುಟ್ಟಿದಳು. ಮಗಳು ಒಂದೊಂದನ್ನೂ ನಾಲಿಗೆಗೆ ಮುಟ್ಟಿಸಿ, ಗುರುತಿಲ್ಲದವರ ಮನೆಗೆ ಅತಿಥಿಯಾಗಿ ಬಂದವಳ ಹಾಗೆ ಮೆಲ್ಲಗೆ ಕೆಳಗಿಟ್ಟಳು. ಇದಲ್ಲ. ಇದೂ ಅಲ್ಲ. ಅಕ್ಕಪಕ್ಕದ ಹೆಂಗಸರು ಬಂದು ನೋಡಿ, ತುಪ್ಪದಲ್ಲಿ ಬೆಳೆದವಳಲ್ಲವೇ, ಇವಳ ಬಯಕೆ ಭೂಮಿಯ ಮೇಲೆ ಬೆಳೆಯುವುದಿಲ್ಲ ಎಂದು ನಗಾಡಿದರು. ಮಗಳೂ ಅವರ ಜೊತೆ ನಕ್ಕಳು. ನಗುತ್ತಲೇ ಓರಗಿತ್ತಿಯ ಬಾಯನ್ನು ನೋಡುತ್ತಿದ್ದಳು. ಹುಣಸೆಕಾಯಿ ಕಚ್ಚಿ, ಕಣ್ಣಲ್ಲಿ ನೀರು ಬಂದು, ಆಹಾ ಎಂದು ತಲೆ ಕೊಡವುವ ಆ ಸುಖ ತನಗೆ ಯಾವುದರಿಂದ ಬಂದೀತು ಎಂದು ನೋಡುತ್ತಿದ್ದಳು. ತಾಯಿಗೆ ಅದನ್ನು ನೋಡಲಾಗಲಿಲ್ಲ. ಒಲೆ ಊದುವ ನೆವ ಮಾಡಿಕೊಂಡು ಒಳಗೆ ಹೋದಳು.

ಆ ವಾರದ ಕೊನೆಗೆ ರೈತ ಬಂದ. ಗಾಡಿಯಲ್ಲಿ ಸಣ್ಣಕ್ಕಿಯ ಮೂಟೆ, ಒಂದು ಗಡಿಗೆ ಹೊಸ ತುಪ್ಪ. ಮಗಳು ಗಡಿಗೆಯನ್ನು ನೋಡಿದಳು. ಆಮೇಲೆ ಅಪ್ಪನ ಮುಖ ನೋಡಿದಳು. ಅವಳಿಗೆ ಏನೋ ನೆನಪಾದ ಹಾಗಿತ್ತು.

"ಅಪ್ಪ, ನಾನು ಚಿಕ್ಕವಳಿದ್ದಾಗ ಒಂದು ದಿನ ನನ್ನ ನಾಲಿಗೆಗೆ ಬಣ್ಣ ಹತ್ತಿತ್ತಲ್ಲ, ಅದು ಏನು?"

ರೈತ ಹೆಂಡತಿಯನ್ನು ನೋಡಿದ. ಹೆಂಡತಿ ನೆಲ ನೋಡಿದಳು.

ಅದು ಮಾಘ ಮಾಸ. ನೇರಳೆಗೆ ಆಗ ಹೂವು ಕೂಡ ಇರುವುದಿಲ್ಲ. ಅದು ರೈತನಿಗೆ ಗೊತ್ತಿಲ್ಲದ್ದಲ್ಲ. ಆದರೂ ಅವನು ಎಲೆಯ ಮುಂದೆ ಕೂರದೆ, ನೀರು ಕೂಡ ಮುಟ್ಟದೆ ಎದ್ದು ಹೋದ. ಐದು ದಿನ ಊರೂರು ಸುತ್ತಿದ. ಎಲ್ಲಿ ನೇರಳೆ ಮರ ಕಂಡರೂ ಕೆಳಗೆ ನಿಂತು ಕತ್ತೆತ್ತಿ ನೋಡಿದ. ಈಗೆಲ್ಲಿ ಬರಬೇಕು ಯಜಮಾನರೇ, ಆಷಾಢಕ್ಕೆ ಬನ್ನಿ ಎಂದು ಕಂಡವರೆಲ್ಲ ಹೇಳಿದರು. ಆರನೆಯ ದಿನ ಹಿಂತಿರುಗಿದಾಗ ಅವನ ಹೆಗಲವಸ್ತ್ರದಲ್ಲಿ ಒಂದು ಹಿಡಿ ನೇರಳೆ ಎಲೆ ಇತ್ತು. ಬೇರೇನೂ ಇರಲಿಲ್ಲ.

ಮಗಳು ಎಲೆಯನ್ನು ಹಿಸುಕಿ ಮೂಸಿದಳು. ಕಣ್ಣು ಮುಚ್ಚಿ ಇನ್ನೊಮ್ಮೆ ಮೂಸಿದಳು. "ಹತ್ತಿರ ಬಂತಪ್ಪ," ಎಂದಳು. ಸ್ವಲ್ಪ ಹೊತ್ತು ಕಾದಳು. ಹತ್ತಿರ ಬಂದದ್ದು ಅಲ್ಲಿಯೇ ನಿಂತಿತು, ಒಳಗೆ ಬರಲಿಲ್ಲ.

ಬಯಕೆಯ ಊಟ ರೂಢಿಯಂತೆ ನಡೆಯಿತು. ಹಸಿರು ಬಳೆ ತೊಡಿಸಿದರು, ಹಾಡು ಹೇಳಿದರು. ತಾಯಿಗೆ ನೋವಾಗದಿರಲೆಂದು ಮಗಳು ಎಲ್ಲದರಲ್ಲಿಯೂ ಒಂದೊಂದು ತುತ್ತು ಉಂಡಳು. ದಿನ ತುಂಬಿ ಹೆಣ್ಣು ಮಗು ಹುಟ್ಟಿತು. ಬಾಣಂತಿಯೂ ಗಟ್ಟಿ, ಮಗುವೂ ಗಟ್ಟಿ.

ಆಷಾಢ ಬಂತು. ಮೊದಲ ಹಣ್ಣು ಉದುರಿದ ದಿನವೇ ರೈತ ಒಂದು ಬುಟ್ಟಿ ನೇರಳೆ ಹೊತ್ತುಕೊಂಡು ಹೊರಟ. ಹೆಂಡತಿ ಅವನ ಹಿಂದೆ ಓಡಿಕೊಂಡೇ ಹೋಗಬೇಕಾಯಿತು. ಮಗಳು ಮಗುವನ್ನು ಕಾಲ ಮೇಲೆ ಹಾಕಿಕೊಂಡು ಎಣ್ಣೆ ಹಚ್ಚುತ್ತಿದ್ದಳು. ಕೈ ಎಣ್ಣೆಯಾಗಿದೆ ಎಂದಳು. ತಾಯಿಯೇ ಒಂದು ಹಣ್ಣನ್ನು ಸೆರಗಿನಲ್ಲಿ ಒರೆಸಿ ಅವಳ ಬಾಯಿಗೆ ಇಟ್ಟಳು. ಇದರ ಹೆಸರು ನೇರಳೆ ಎಂದಳು. ಇಟ್ಟು, ಮಗಳ ಕಣ್ಣನ್ನೇ ನೋಡಿದಳು. ಒಗರಿಗೆ ಕಣ್ಣು ಮುಚ್ಚಲಿಲ್ಲ. ಸಿಹಿಗೆ ಅರಳಲಿಲ್ಲ.

"ಚೆನ್ನಾಗಿದೆ ಅಪ್ಪ," ಎಂದಳು ಮಗಳು. ಮತ್ತೆ ಮಗುವಿಗೆ ಎಣ್ಣೆ ಹಚ್ಚತೊಡಗಿದಳು.

ಬಯಕೆ ದಾಟಿ ಹೋಗಿತ್ತು. ನಾಲಿಗೆಗೆ ಬಣ್ಣ ಮಾತ್ರ ಹತ್ತಿತ್ತು. ಹೆಂಡತಿಗೆ ಅದು ಅರ್ಥವಾಯಿತು. ರೈತ ಮಾತ್ರ, ಇನ್ನೊಂದು ಎಂದು ಕೈ ಚಾಚುತ್ತಾಳೇನೋ ಎಂದು ಬುಟ್ಟಿ ಹಿಡಿದುಕೊಂಡು ನಿಂತೇ ಇದ್ದ.

ಕತೆ ಅಲ್ಲಿಗೆ ನಿಂತಿತು. ಗುರುಸಿದ್ದಮ್ಮ ತಾಯಿ ಮೊರವನ್ನು ಮತ್ತೆ ಮಡಿಲಿಗೆ ಎಳೆದುಕೊಂಡರು.

ದಾಕ್ಷಾಯಣಿ ಕೇಳಿದಳು, ಹಾಗಾದರೆ ಆ ರೈತ ಅನ್ನ ಕಡಿಮೆ ಮಾಡಬೇಕಿತ್ತೇ ಎಂದು. ಅನ್ನ ಅನ್ನದಷ್ಟೇ ಇರಲಿ, ಎಲೆಯ ತುದಿಯಲ್ಲಿ ಉಪ್ಪಿನಕಾಯಿಗೆ ಎಷ್ಟು ಜಾಗ ಬೇಕು, ನೀನೇ ಎಷ್ಟು ದಿನ ನನ್ನ ಕೈಯಿಂದ ಬಡಿಸಿಕೊಂಡಿಲ್ಲ ಎಂದರು ತಾಯಿ. ದಾಕ್ಷಾಯಣಿ ಮಡಿಲಿನ ಹಾಳೆಯನ್ನು ನೋಡಿದಳು. ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಆ ಮನೆಗಳ ಮೇಲೆ ಬೆರಳು ಆಡಿಸಿದಳು. ಅವಳಿಗೆ ರೈತನಿಗಿಂತ ಆ ಹೆಂಡತಿಯೇ ಕಣ್ಣ ಮುಂದೆ ಬರುತ್ತಿದ್ದಳು. ರುಚಿ ಗೊತ್ತಿದ್ದೂ ಸುಮ್ಮನಿದ್ದವಳು. ಅವಳ ಪರವಾಗಿ ಒಂದು ಮಾತಾದರೂ ಆಡಬೇಕೆನಿಸಿತು.

"ಆದರೂ ತಾಯಿ, ಆ ಹುಡುಗಿ ಚಿಕ್ಕವಳಿದ್ದಾಗ ಒಂದೇ ಒಂದು ಸಲ ಬಾಯಿ ಬಿಟ್ಟು ಕೇಳಿದ್ದರೆ, ಅವಳವ್ವ ಗಂಡನ ಎದುರು ನಿಂತು ಕೊಡುತ್ತಿದ್ದಳೇನೋ."

ತಾಯಿ ಒಂದು ಕಲ್ಲನ್ನು ಆರಿಸಿ ಅಂಗಳಕ್ಕೆ ಎಸೆದರು. ಅಕ್ಕಿಯಿಂದ ತಲೆ ಎತ್ತಲಿಲ್ಲ.

"ಹೆಸರನ್ನೇ ಹೇಳಿಕೊಡದಿದ್ದರೆ ಮಗು ಏನೆಂದು ಕೇಳಬೇಕು, ಮಗಳೇ?"