ಕೈ ಹಿಡಿದ ಕಂಡಕ್ಟರು

"ಗುರುಗಳೇ, ಒಳ್ಳೆಯದು ಮಾಡಲು ಹೋದವನಿಗೇ ಕೆಟ್ಟ ಹೆಸರು ಬರುತ್ತದಲ್ಲ. ಹಾಗಿದ್ದ ಮೇಲೆ ಕಂಡರೂ ಕಾಣದ ಹಾಗೆ ಇದ್ದುಬಿಡುವುದೇ ಮೇಲಲ್ಲವೇ?" ಎಂದು ಶಿಷ್ಯ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಕಂಡಕ್ಟರಿದ್ದ. ಅವನ ಬಸ್ಸು ಹಳ್ಳಿಗಳನ್ನೆಲ್ಲ ಸುತ್ತಿ ಬೆಳಿಗ್ಗೆ ಒಂದೇ ಸಲ ಪಟ್ಟಣಕ್ಕೆ ಹೋಗುತ್ತಿತ್ತು. ದಾರಿಯ ಒಂದು ಊರಿನಲ್ಲಿ ಒಬ್ಬ ಹೆಂಗಸು ಊರುಗೋಲಿನ ಮೇಲೆ ನಿಂತು ಕಾಯುತ್ತಿದ್ದಳು. ಪಟ್ಟಣದಲ್ಲಿ ಹೊಲಿಗೆ ಕಲಿಯುತ್ತಿದ್ದಳು. ಅವಳ ಒಂದು ಕಾಲಿಗೆ ಹುಟ್ಟಿನಿಂದ ಬಲವಿರಲಿಲ್ಲ. ಬಸ್ಸಿನ ಮೊದಲ ಮೆಟ್ಟಿಲೋ, ಮಂಡಿಗಿಂತ ಮೇಲೆ. ಒಳಗೆ ಅವಳಂಥವರಿಗೆಂದೇ ಒಂದು ಸೀಟಿತ್ತು, ಮೇಲೆ ಕೆಂಪಕ್ಷರದಲ್ಲಿ 'ಮೀಸಲು' ಎಂದು ಬರೆದಿತ್ತು. ಸೀಟು ಇಟ್ಟ ಪುಣ್ಯಾತ್ಮರು ಅಲ್ಲಿಯವರೆಗೆ ಹತ್ತುವುದು ಹೇಗೆ ಅನ್ನುವುದನ್ನು ಮಾತ್ರ ಮರೆತಿದ್ದರು. ಕಂಡಕ್ಟರು ದಿನವೂ ಇಳಿದು, ಅವಳ ಕೈ ಹಿಡಿದು ಹತ್ತಿಸುತ್ತಿದ್ದ.

ಆ ಮೀಸಲು ಸೀಟಿನಲ್ಲಿ ಮೊದಲೇ ಬಂದು ಕೂರುವವಳು ಮೊಸರು ಮಾರುವವಳೊಬ್ಬಳು. ಅವಳ ಕಾಲುಗಳು ಗಟ್ಟಿಯಾಗಿದ್ದವು. ನಾಲಿಗೆ ಕಾಲಿಗಿಂತ ಗಟ್ಟಿ. ಮೊಸರಿನ ಜೊತೆಗೆ ಸುದ್ದಿಯನ್ನೂ ಅಳೆದು ಕೊಟ್ಟಳು. "ಕಂಡಕ್ಟರು ಆ ಕುಂಟಿಯ ಕೈ ಹಿಡಿದ ಕಣೇ!" ಮೊದಲ ಬೀದಿಯಲ್ಲಿ ಅದು ಬಸ್ಸು ಹತ್ತಿಸಿದ ಮಾತಾಗಿತ್ತು. ಮೂರನೆಯ ಬೀದಿಯಲ್ಲಿ ತಾಳಿ ಕಟ್ಟಿದ ಮಾತಾಯಿತು. ಐದನೆಯ ಬೀದಿ ಮುಟ್ಟುವಷ್ಟರಲ್ಲಿ ಬಾಣಂತನಕ್ಕೇ ಬಂದಿತ್ತು.

ಸುದ್ದಿ ಕಂಡಕ್ಟರನ ಹೆಂಡತಿಗೂ ತಲುಪಿತು. ಅವಳು ತಟ್ಟೆ ಕುಕ್ಕಿ, "ನಾಳೆ ಆ ಕೈ ಮುಟ್ಟಿದರೆ ಈ ಕೈಯ ಅನ್ನ ಇಲ್ಲ" ಎಂದಳು.

ಮರುದಿನ ಆ ಊರು ಹತ್ತಿರವಾದಂತೆಲ್ಲ ಕಂಡಕ್ಟರು ದೇವರನ್ನು ನೆನೆದ. ಇವತ್ತೊಂದು ದಿನ ಅವಳು ಬರದಿರಲಪ್ಪ ಎಂದು ಬೇಡಿಕೊಂಡ. ಅವಳು ಬಂದಿದ್ದಳು. ಹೊಸ ಸೀರೆ ಉಟ್ಟಿದ್ದಳು, ಕುತ್ತಿಗೆಯ ಚೀಲದಲ್ಲಿ ಕೆಲಸದ ಕಾಗದ. ಅಂದು ಹತ್ತು ಗಂಟೆಯೊಳಗೆ ಕಚೇರಿಯಲ್ಲಿ ಸಹಿ ಹಾಕದಿದ್ದರೆ ಸಿಕ್ಕ ಕೆಲಸ ಇನ್ನೊಬ್ಬರ ಪಾಲು ಎಂದು ವಾರದಿಂದ ಅವನಿಗೆ ಹೇಳುತ್ತಲೇ ಇದ್ದಳು.

ಅವಳು ರೂಢಿಯಂತೆ ಕೈ ಚಾಚಿದಳು. ಕಂಡಕ್ಟರು ಸೀಟಿ ಕಚ್ಚಿಕೊಂಡು ತನ್ನ ಚೀಲದಲ್ಲಿ ಏನೋ ಹುಡುಕುವವನಂತೆ ನಿಂತ. ಬೇರೆ ಯಾರಾದರೂ ಏಳಲಿ ಎಂದು ಬಸ್ಸನ್ನೆಲ್ಲ ನೋಡಿದ. ಎಲ್ಲರ ಮುಖವೂ ಕಿಟಕಿಯ ಕಡೆಗಿತ್ತು. ಅವನಿಗೆ ಬಂದ ಹೆಸರು ತಮಗೂ ಬಂದೀತೆಂಬ ಭಯ.

"ರೈಟೋ, ಹೋಲ್ಡಾನೋ? ಬಾಯಿ ಬಿಡಯ್ಯ ಮಾರಾಯ!" ಎಂದು ಡ್ರೈವರು ಕೂಗಿದ.

"ಕೈ ಬೇಡಣ್ಣ. ಸೀಟಿ ಊದಬೇಡ, ಅಷ್ಟು ಸಾಕು" ಎಂದಳು ಅವಳು.

ಊರುಗೋಲನ್ನು ಒಳಗೆ ಎಸೆದಳು. ಬಸ್ಸಿಗೆ ಬೆನ್ನು ಮಾಡಿ, ಕಂಬಿ ಹಿಡಿದು, ಮೆಟ್ಟಿಲ ಮೇಲೆ ಕುಳಿತು, ಒಂದೊಂದೇ ಮೆಟ್ಟಿಲು ತೆವಳಿ ಹತ್ತಿದಳು. ಹೊಸ ಸೀರೆ ಮಣ್ಣಾಯಿತು. ಅವಳು ಹತ್ತಿ ಮುಗಿಸುವವರೆಗೂ ಕಂಡಕ್ಟರು ಸೀಟಿ ಊದಲಿಲ್ಲ.

ಹತ್ತಕ್ಕೆ ಐದು ನಿಮಿಷ ಇರುವಾಗ ಅವಳು ಕಚೇರಿ ಮುಟ್ಟಿದಳು.

ಅಂದು ಸಂಜೆ ಅದೇ ಮೊಸರಿನವಳು ಅದೇ ಬೀದಿಗಳಲ್ಲಿ ಹೇಳುತ್ತಿದ್ದಳು: "ಕೇಳಿದೆಯೇನೇ? ಹೆಣ್ಣುಮಗಳು ಮಣ್ಣಲ್ಲಿ ತೆವಳಿದರೂ ಕಲ್ಲಿನ ಹಾಗೆ ನಿಂತಿದ್ದ. ಕಡೆಗೂ ಅವಳಿಗೆ ಕೈ ಕೊಟ್ಟ, ನೋಡು!"

ಶಿಷ್ಯ ನಕ್ಕ. "ನಾನು ಹೇಳಿದ್ದೂ ಅದನ್ನೇ, ಗುರುಗಳೇ. ಹಿಡಿದರೂ ತಪ್ಪು, ಬಿಟ್ಟರೂ ತಪ್ಪು. ಪಾಪ, ಅವನೊಬ್ಬ ಏನು ಮಾಡಿಯಾನು?"

ಗುರುಗಳು ಹೇಳಿದರು: "ಆ ಬಸ್ಸಿನಲ್ಲಿ ನೂರು ಕೈಗಳಿದ್ದವು, ನೂರೂ ಚಾಚಿದ್ದರೆ ಊರು ಯಾರ ಹೆಸರು ಹೇಳುತ್ತಿತ್ತು?"