ನಾಳೆಯವ್ವನ ದಿಬ್ಬ

“ದಾರಿ ತಪ್ಪಿಲ್ರಿ ಅಕ್ಕೋರೆ, ನೀವು ಊರೇ ತಪ್ಪೀರಿ,” ಎಂದಳು ಬದುವಿನ ಮೇಲೆ ತೊಗರಿ ಕಟ್ಟಿಗೆಯ ಹೊರೆ ಕಟ್ಟುತ್ತಿದ್ದ ಮುದುಕಿ ಮಲ್ಕಮ್ಮ. ನೀಲಾಂಬಿಕೆ ಕಾರಿನ ಕಿಟಕಿಯಿಂದ ದಾರಿ ಕೇಳುತ್ತಿದ್ದುದು ಅದು ಮೂರನೆಯ ಸಲ. ಸಾಂಚಿ ಕಂಡು, ಕಡಲು ದಾಟಿ ಬೊರೊಬುದೂರ್ ಸ್ತೂಪದ ಮೆಟ್ಟಿಲೇರಿ ಬಂದವಳಿಗೆ ತವರಿನಿಂದ ಹದಿನೆಂಟು ಮೈಲಿಯ ದಿಬ್ಬ ಸಿಕ್ಕಿರಲಿಲ್ಲ. ಕೈಯಲ್ಲಿದ್ದುದು ಅಕ್ಕ ಗೌರಾಂಬಿಕೆ ಹಳೆಯ ಕ್ಯಾಲೆಂಡರಿನ ಹಿಂಬದಿಗೆ ಬರೆದಿಟ್ಟಿದ್ದ ಎರಡು ದಿನದ ಪಟ್ಟಿ: ಮೊದಲ ದಿನ ಹೊಳೆದಂಡೆಯ ಶಿವಾಲಯಗಳು, ಮರುದಿನ ಬೌದ್ಧರ ದಿಬ್ಬ. “ಒಮ್ಮೆ ಕರಕೊಂಡು ಹೋಗ ನೀಲಾ,” ಎಂದು ಅಕ್ಕ ಇಪ್ಪತ್ತು ವರ್ಷ ಕೇಳಿದ್ದಳು. “ಮುಂದಿನ ವರ್ಷ,” ಎಂದು ಇವಳು ಇಪ್ಪತ್ತು ದೇಶಗಳಿಂದ ಉತ್ತರಿಸಿದ್ದಳು. ಹೋದ ಶ್ರಾವಣದಲ್ಲಿ ಅಕ್ಕ ತೀರಿಕೊಂಡಳು. ಪಟ್ಟಿ ಉಳಿಯಿತು.

“ನಾನಽ ತೋರಸ್ತೀನಿ. ಆದ್ರ ನನ್ನ ಹೊರೀನೂ ಡಿಕ್ಕ್ಯಾಗ ಹಾಕ್ರಿ,” ಎಂದು ಮಲ್ಕಮ್ಮ ಒಳಗೆ ಕುಳಿತಳು. ದಿಬ್ಬವೆಂದರೆ ಇಂದು ಕುಸಿದ ಇಟ್ಟಿಗೆಗಳ ಗುಪ್ಪೆ, ಒಂದು ಆಳದ ಬಾವಿ, ಬಾವಿಯ ಪಕ್ಕ ನೀರು ತುಂಬಿಡುತ್ತಿದ್ದ, ಈಗ ಬಿರುಕು ಬಿಟ್ಟ ಕಲ್ಲಬಾನಿ, ಅಷ್ಟೆ. ಕೂಗಳತೆಯಲ್ಲಿ ಶಿವಾಲಯದ ಮುರಿದ ಶಿಖರ ಕಾಣುತ್ತದೆ. ಅಲ್ಲಿಯೇ ಇಟ್ಟಿಗೆಯ ಮೇಲೆ ಕುಳಿತು ಮಲ್ಕಮ್ಮ ಹೇಳಿದ ಕಥೆ ಇದು.

ಹಿಂದೆ ಒಮ್ಮೆ ಈ ವಿಹಾರದಲ್ಲಿ ಭಿಕ್ಷುಣಿಯರು ತುಂಬಿದ್ದರಂತೆ. ಕಾಲ ಸರಿದು ಒಬ್ಬೊಬ್ಬರೇ ಹೋಗಿ, ಕೊನೆಗೆ ನಾಗಸಿರಿ ಎಂಬ ಹಣ್ಣುಮುದುಕಿ ಮಾತ್ರ ಉಳಿದಳು. ಬಾವಿಯಿಂದ ಸೇದುವ ಶಕ್ತಿ ಆಕೆಯ ತೋಳಲ್ಲಿರಲಿಲ್ಲ. ಆದರೂ ಆಕೆಗೆ ನೀರಿನ ಚಿಂತೆಯಿರಲಿಲ್ಲ. ಬಾನಿಯಿಂದ ಕುಡಿದವರು ಮುಂದಿನವರಿಗೆಂದು ಒಂದು ಕೊಡ ಸೇದಿ ಸುರಿದೇ ಹೋಗಬೇಕೆಂಬುದು ಆ ಜಾಗದ ಕಟ್ಟಳೆ. ಶಿವಾಲಯಕ್ಕೆ ಹೂ ಕಟ್ಟುವ ಮಾಳವ್ವೆ ದಿನವೂ ಬೆಳಗ್ಗೆ ಇಲ್ಲಿ ಬೊಗಸೆ ನೀರು ಕುಡಿದು, ಮುದುಕಿಯೊಡನೆ ನಾಲ್ಕು ಮಾತಾಡಿ ಹೋಗುತ್ತಿದ್ದಳು. “ನಿನ್ನ ದೇವರು ತಲೆ ಮ್ಯಾಲೆ ಗಂಗೀನ ಹೊತ್ತಾನ, ನೀನು ನನ್ನ ನೀರು ಕುಡೀತಿ,” ಎಂದು ನಾಗಸಿರಿ ನಗುತ್ತಿದ್ದಳಂತೆ. ಒಂದು ಶಿವರಾತ್ರಿಯ ಬೆಳಗ್ಗೆ ಬಾನಿಯ ತಳದಲ್ಲಿದ್ದ ನೀರನ್ನೆಲ್ಲ ಕುಡಿದ ಮಾಳವ್ವೆಗೆ ಪೂಜೆಯ ಹೊತ್ತು ಮೀರುತ್ತಿತ್ತು. “ನಾಳೆ ಎರಡು ಕೊಡ ಹಾಕ್ತೀನಿ ಅವ್ವಾ,” ಎಂದು ಓಡಿದಳು. ಗುಡಿಯಲ್ಲಿ ಮೂರು ದಿನದ ಜಾತ್ರೆ, ಕಟ್ಟಲು ರಾಶಿ ಹೂವು, ಊರೆಲ್ಲ ಅಲ್ಲಿಯೇ ನೆರೆದಿತ್ತು; ಈ ಕಡೆ ಯಾರೂ ಹಾಯಲಿಲ್ಲ. ನಾಲ್ಕನೆಯ ದಿನ ಮಾಳವ್ವೆ ಬಂದಾಗ ನಾಗಸಿರಿ ಒಣಗಿದ ಬಾನಿಯೊಳಗೆ ಕೈಯಿಳಿಬಿಟ್ಟು ಉಸಿರಿಲ್ಲದೆ ಮಲಗಿದ್ದಳು. ಬಾನಿ ಬಿರಿದಿತ್ತು ಎನ್ನುತ್ತಾರೆ.

ಅಂದಿನಿಂದ ಮಾಳವ್ವೆ ಹೂವಿಗೆ ಕೈ ಹಚ್ಚಲಿಲ್ಲ. ನಲವತ್ತು ವರ್ಷ, ದಿನಕ್ಕೆರಡು ಕೊಡ. ಸುರಿದದ್ದೆಲ್ಲ ಬಿರುಕಿನಲ್ಲಿ ಇಂಗಿಹೋಗುತ್ತಿತ್ತು. “ನಾಳೆಯವ್ವ ಬಂದಳು,” ಎಂದು ಜನ ಮೊದಲು ನಕ್ಕರು, ಆಮೇಲೆ ಸುಮ್ಮನಾದರು. ಆಕೆ ಸತ್ತ ಮೇಲೆ ದಿಬ್ಬಕ್ಕೆ ಆ ಹೆಸರೇ ನಿಂತಿತು; ಬಂದವರು ತಲೆಗೊಂದು ಕೊಡ ಸುರಿದು ಹೋಗುವ ರೂಢಿಯೂ ಉಳಿಯಿತು.

“ಬಾನಿಗೆ ಗಾರೆ ಮೆತ್ತಬಹುದಿತ್ತಲ್ಲ?” ಎಂದಳು ನೀಲಾಂಬಿಕೆ, ಲೋಕ ಕಂಡವಳ ಜಾಣತನದಲ್ಲಿ.

“ಮೆತ್ತಿದ್ರ ನೀರು ನಿಲ್ತಿತ್ತು. ಕುಡಿಯಾಕಿ ಎಲ್ಲಿಂದ ಬರಬೇಕ್ರಿ?”

ನೀಲಾಂಬಿಕೆ ಎದ್ದು ಬಾವಿಕಟ್ಟೆಯ ಮೇಲಿದ್ದ ಕೊಡ ಎತ್ತಿಕೊಂಡಳು. ಸೆರಗು ಸಿಕ್ಕಿಸಿ ಹಗ್ಗ ಹಿಡಿದಳು. ವಿಮಾನಗಳಲ್ಲಿ ಓಡಾಡಿ ಮೆತ್ತಗಾದ ಅಂಗೈಗೆ ಮೊದಲ ಕೊಡಕ್ಕೇ ಬೊಬ್ಬೆ ಬಂತು. ಎರಡನೆಯದಕ್ಕೆ ಬಗ್ಗಿದಾಗ ಮಲ್ಕಮ್ಮ ತಡೆದಳು: “ಒಬ್ಬರಿಗೆ ಒಂದಽ ಸಾಕ್ರಿ.”

“ನಾವು ಇಬ್ಬರು ಬರಬೇಕಾಗಿತ್ತು.”

ಎರಡೂ ಕೊಡ ಸುರಿದಳು. ಅಕ್ಕನ ಪಟ್ಟಿಯ ಕೊನೆಯ ಸಾಲು ಈ ದಿಬ್ಬವೇ. ಅಕ್ಕನಿಗೆ ಕೊಡಬೇಕಾದದ್ದು ಇನ್ನೇನೂ ಉಳಿಯಲಿಲ್ಲ. ನೀರು ಗಳಿಗೆ ಹೊತ್ತು ಆಕಾಶ ತೋರಿಸಿ ಇಳಿದುಹೋಯಿತು. ಇಂದಿಗೂ ಹೋದವರಿಗೆ ಅಲ್ಲಿ ಕಾಣುವುದು ಇಷ್ಟೇ: ಒಣಬಾನಿ, ಅದರ ಬುಡದಲ್ಲಿ ಎಂದೂ ಆರದ ಗೇಣಗಲ ಕರಿಮಣ್ಣು.