ಹವಾಯಿ ಆಮ್ಲೆಟ್ಟಿಗೆ ಎಷ್ಟು ಉಪ್ಪು

ಇನಾಸ್ ಮಾಮ ಬಹಳ ವರ್ಷ ಹಡಗುಗಳಲ್ಲಿ ಅಡುಗೆ ಮಾಡಿದವರು. ಈಗ ಕಾಳಿ ನದಿಯ ದಡದಲ್ಲಿ ಸಣ್ಣದೊಂದು ಖಾನಾವಳಿ ನಡೆಸುತ್ತಿದ್ದರು. ಸುಲಕ್ಷಾ ಅವರ ಶಿಷ್ಯೆ.

ಒಂದು ಬೆಳಿಗ್ಗೆ ಹವಾಯಿ ದ್ವೀಪದಲ್ಲೇ ಹುಟ್ಟಿ ಬೆಳೆದ ಹೆಂಗಸೊಬ್ಬಳು ನಾಷ್ಟಾಕ್ಕೆ ಬಂದಳು. ತನ್ನೂರಿನ ಫ್ರೈಡ್ ರೈಸ್ ಆಮ್ಲೆಟ್ ಇಲ್ಲಿ ಸಿಗುತ್ತದೆಂದು ಕೇಳಿ, ಹುಡುಕಿಕೊಂಡು ಬಂದಿದ್ದಳು.

"ನೀನೇ ಮಾಡು," ಎಂದರು ಮಾಮ.

"ನಾನಾ? ಅವರು ಚಿಕ್ಕಂದಿನಿಂದ ಅದನ್ನೇ ತಿಂದವರು!"

"ಅದಕ್ಕೇ ಬೇಗ ಮಾಡು. ಆಸೆಯಿಂದ ಕೂತಿದ್ದಾರೆ."

ಸುಲಕ್ಷಾ ಹವಾಯಿಯ ಸಾಸೇಜಿನ ಬದಲು ಗೋವಾ ಸಾಸೇಜನ್ನು ಸಣ್ಣಗೆ ಹೆಚ್ಚಿ ಬಾಣಲೆಗೆ ಹಾಕಿದಳು. ಅದು ಕೊಬ್ಬು ಬಿಟ್ಟ ಮೇಲೆ ಈರುಳ್ಳಿ ಸೊಪ್ಪು, ರಾತ್ರಿ ಉಳಿದ ತಣ್ಣನೆಯ ಅನ್ನ. ಸೋಯಾ ಸಾಸ್ ಬಿದ್ದದ್ದೇ ಬಾಣಲೆ ಚುರ್ರೆಂದಿತು.

ಒಂದು ಚಮಚ ತೆಗೆದು ಮಾಮನ ಮುಂದೆ ಹಿಡಿದಳು. "ಉಪ್ಪು ನೋಡಿ."

ಮಾಮ ತಿಂದರು. ಅವಳ ಮುಖ ನೋಡಿದರು. "ಸಾಲದು."

ಅವಳು ಚಿಟಿಕೆ ಉಪ್ಪು ಉದುರಿಸಿ ಮತ್ತೆ ಚಮಚ ಚಾಚಿದಳು. "ಈಗ?"

ಮಾಮ ಚಮಚ ಮುಟ್ಟಲಿಲ್ಲ. ಉಪ್ಪಿನ ಡಬ್ಬಿಗೆ ಕೈಹಾಕಿ, ನಾಲ್ಕಾರು ಹರಳು ಕಲ್ಲುಪ್ಪು ಬಾಯಿಗೆಸೆದುಕೊಂಡು ಕಟಕಟನೆ ಅಗಿದರು. ಮುಖ ಒಂದಿಷ್ಟೂ ಕಿವುಚಲಿಲ್ಲ.

"ಮಾಮ! ಏನಿದು?"

"ಹೋದ ಮಳೆಗಾಲದ ಜ್ವರದಲ್ಲಿ ನಾಲಿಗೆಯ ರುಚಿ ಹೋಯಿತು ಮಗಾ. ಉಪ್ಪೂ ಒಂದೇ, ಸಕ್ಕರೆಯೂ ಒಂದೇ."

"ಹಾಗಾದರೆ ಅಂದಿನಿಂದ ನೀವು ಸರಿ, ಸಾಲದು ಅಂದದ್ದೆಲ್ಲ?"

"ನಿನ್ನ ಮುಖ ನೋಡಿ ಅಂದದ್ದು. ಅನುಮಾನವಿದ್ದರೆ ನಿನ್ನ ಹುಬ್ಬು ಗಂಟಾಗುತ್ತದೆ."

ಸುಲಕ್ಷಾಳ ಕಣ್ಣು ತುಂಬಿತು. "ನನಗೆ ಯಾಕೆ ಹೇಳಲಿಲ್ಲ?"

"ಹೇಳಿದ್ದರೆ ನೀನು ಅಂದೇ ಒಲೆ ಬಿಟ್ಟು ಓಡುತ್ತಿದ್ದೆ. ಮೊಟ್ಟೆ ಒಡೆ, ಅನ್ನ ಆರುತ್ತಿದೆ."

ಅವಳು ಕೈಯಲ್ಲಿದ್ದ ಚಮಚವನ್ನು ತಾನೇ ಬಾಯಿಗಿಟ್ಟುಕೊಂಡಳು. ನಿಧಾನವಾಗಿ ಅಗಿದಳು. ಉಪ್ಪು ಸರಿಯಾಗಿತ್ತು.

ಮೊಟ್ಟೆ ಕದಡಿ ಕಾವಲಿಗೆ ಸುರಿದಳು. ಅಂಚು ಬಿಡುವಾಗ ನಡುವೆ ಅನ್ನ ಹರಡಿ, ಒಂದೇ ಏಟಿಗೆ ಮಡಚಿ ತಟ್ಟೆಗೆ ಜಾರಿಸಿದಳು. ಎಲ್ಲೂ ಹರಿಯಲಿಲ್ಲ.

ಹೊರಗೆ ಆ ಹೆಂಗಸು ಮೊದಲ ತುತ್ತು ಬಾಯಿಗಿಟ್ಟಳು. ಆಮೇಲೆ ತಲೆ ಎತ್ತದೆ ತಿಂದಳು. ಕೊನೆಗೆ ಇನ್ನೊಂದು ಬೇಕೆಂದು ಕೈಸನ್ನೆ ಮಾಡಿದಳು.

ಸುಲಕ್ಷಾ ತಟ್ಟೆ ಹಿಡಿದು ಒಳಗೋಡಿ ಬಂದಳು. "ತಟ್ಟೆ ಖಾಲಿ ಮಾಮ!"

"ಅದು ನನಗೂ ಕಾಣುತ್ತದೆ," ಎಂದರು ಮಾಮ. "ರುಚಿ ಹೇಗಿತ್ತು, ಹೇಳು. ನಾನೂ ತಿಳಿದುಕೊಳ್ಳುತ್ತೇನೆ."